ಹೊಸ ಮೇಲ್ ಕ್ಲೈಂಟ್, ಹಳೆಯ ಮೇಲ್ ಸರ್ವರ್: ಬಿಡದಿ ಕೈಗಾರಿಕಾ ಪ್ರದೇಶದ ನೆಲೆಯಲ್ಲಿ ಹೊಂದಾಣಿಕೆಯ ಸಮಸ್ಯೆಗಳು

ಇಮೇಲ್ ಓದಲು, ಬರೆಯಲು ಬಳಸುವ ತಂತ್ರಾಂಶವನ್ನು ಮೇಲ್ ಕ್ಲೈಂಟ್ ಎಂದೂ, ಮೇಲ್‌ಗಳನ್ನು ಪಡೆದು, ಇಟ್ಟುಕೊಂಡು, ಮುಂದಕ್ಕೆ ಸಾಗಿಸುವ ವ್ಯವಸ್ಥೆಯನ್ನು ಮೇಲ್ ಸರ್ವರ್ ಎಂದೂ ಕರೆಯುತ್ತಾರೆ. ಔಟ್‌ಲುಕ್, ಥಂಡರ್‌ಬರ್ಡ್, ಫೋನಿನ ಮೇಲ್ ಆ್ಯಪ್‌ಗಳು ಮೊದಲ ಬಗೆಯವು. ಎಕ್ಸ್‌ಚೇಂಜ್, ಡೊಮಿನೊ, ಸೆಂಡ್‌ಮೇಲ್, ಪೋಸ್ಟ್‌ಫಿಕ್ಸ್ ಎರಡನೆಯ ಬಗೆಯವು. ಬೇರೆ ಬೇರೆ ಕಾಲದಲ್ಲಿ ತಯಾರಾದ ಇವೆರಡರ ನಿಯಮಗಳು ಒಂದಕ್ಕೊಂದು ಕೂಡದೆ ಮೇಲ್ ನಿಂತುಹೋಗುವುದೇ ಹೊಂದಾಣಿಕೆಯ ಸಮಸ್ಯೆ. ಇದರ ವಿಶೇಷವೆಂದರೆ ಎರಡರಲ್ಲಿ ಯಾವುದೂ ಕೆಟ್ಟಿರುವುದಿಲ್ಲ. ಸರ್ವರ್ ಹತ್ತು ವರ್ಷದಿಂದ ಮಾಡಿಕೊಂಡು ಬಂದದ್ದನ್ನೇ ಇಂದೂ ಮಾಡುತ್ತಿರುತ್ತದೆ; ಕ್ಲೈಂಟ್ ತನ್ನ ತಯಾರಕರು ಹೇಳಿದಂತೆಯೇ ನಡೆದುಕೊಳ್ಳುತ್ತಿರುತ್ತದೆ. ಆದರೂ ಸಂಜೆಯವರೆಗೆ ಹೋಗುತ್ತಿದ್ದ ಮೇಲ್, ಅಪ್‌ಡೇಟ್ ಆದ ಮರುದಿನ ಬೆಳಿಗ್ಗೆ ಹೋಗುವುದಿಲ್ಲ. ಹೊಸದು ಬಂದು ಕೆಡಿಸಿತು ಎಂಬ ದೂರು ಹುಟ್ಟುವುದು ಹೀಗೆ. ದೂರಿನ ಜೊತೆಗೇ ಒಂದು ಸುಲಭದ ಉಪಾಯವೂ ಬರುತ್ತದೆ: ಕ್ಲೈಂಟಿನ ಸೆಟ್ಟಿಂಗ್ ಬದಲಿಸಿ, ಹಳೆಯ ಸರ್ವರ್ ಹೇಳಿದ್ದಕ್ಕೆಲ್ಲ ಒಪ್ಪುವಂತೆ ಮಾಡುವುದು. ಈ ಉಪಾಯ ಏಕೆ ತಪ್ಪು, ಹೊಂದಿಕೊಳ್ಳುವ ಹೊಣೆ ಏಕೆ ಸರ್ವರ್ ಕಡೆಗೇ ಸೇರಬೇಕು ಎಂಬುದನ್ನು ಇಲ್ಲಿ ವಿವರಿಸಿದೆ.

ಬಿಡದಿಯ ನೆಲೆ

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಹೋಗುವಾಗ ರಾಮನಗರಕ್ಕಿಂತ ಮೊದಲು ಸಿಗುವ ಊರು ಬಿಡದಿ. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಇಲ್ಲಿ ಬೆಳೆಸಿದ ಕೈಗಾರಿಕಾ ಪ್ರದೇಶಕ್ಕೆ ಇಂದಿನ ರೂಪ ಬಂದದ್ದು ಮೋಟಾರು ಉದ್ಯಮದಿಂದ. 1997ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ 1999ರ ಡಿಸೆಂಬರಿನಲ್ಲಿ ಇಲ್ಲಿ ಕ್ವಾಲಿಸ್ ತಯಾರಿಕೆ ಆರಂಭಿಸಿತು. 2002ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಆಟೋ ಪಾರ್ಟ್ಸ್ ಸ್ಥಾಪನೆಯಾಯಿತು. 2010ರಲ್ಲಿ ಎಟಿಯೋಸ್ ಕಾರಿಗಾಗಿ ಎರಡನೆಯ ಕಾರ್ಖಾನೆ ಬಂತು. ಬೆಂಗಳೂರಿನ ಆಡುಗೋಡಿಯಲ್ಲಿದ್ದ ಬಾಷ್ ತಯಾರಿಕೆಯೂ ಇತ್ತ ಸರಿಯಿತು. ದೊಡ್ಡ ಕಾರ್ಖಾನೆಗಳ ಬೆನ್ನಿಗೆ ಬಿಡಿಭಾಗ ಮಾಡುವ, ಪ್ಯಾಕಿಂಗ್ ಒದಗಿಸುವ, ಸರಕು ಸಾಗಿಸುವ ವೆಂಡರ್ ಘಟಕಗಳು ಬೆಳೆದವು. ದಾಸ್ತಾನು ಪೇರಿಸಿಡದೆ, ಬೇಕಾದಾಗ ಬೇಕಾದಷ್ಟೇ ಭಾಗ ತರಿಸಿಕೊಳ್ಳುವುದು ಟೊಯೋಟಾ ಉತ್ಪಾದನಾ ಪದ್ಧತಿಯ ತಳಹದಿ. ಇಂಥ ಪದ್ಧತಿಯಲ್ಲಿ ಆರ್ಡರುಗಳು ವೆಂಡರ್ ಪೋರ್ಟಲ್ ಮೂಲಕ ಬಂದರೂ ಅವುಗಳ ಸುತ್ತಲಿನ ಕಾಗದಪತ್ರ ಮೇಲ್ ಮೇಲೆಯೇ ನಡೆಯುತ್ತದೆ: ತಿದ್ದಿದ ಡ್ರಾಯಿಂಗ್, ಗುಣಮಟ್ಟದ ದೂರು, ಡೆಬಿಟ್ ನೋಟ್, ಲಾರಿ ನಂಬರು, ಇ-ವೇ ಬಿಲ್ಲಿನ ಪ್ರತಿ. ಮೇಲ್ ಅರ್ಧ ದಿನ ನಿಂತರೆ ಕಚೇರಿಯಲ್ಲಿ ಬೇಸರವಾಗಿ ಮುಗಿಯುವುದಿಲ್ಲ. ಹಳೆಯ ಡ್ರಾಯಿಂಗ್ ನೋಡಿಕೊಂಡು ಒಂದು ಶಿಫ್ಟಿನ ಮಾಲು ತಯಾರಾಗಿಬಿಡಬಹುದು.

ಈ ತೊಂದರೆ ಎಲ್ಲರಿಗೂ ಒಂದೇ ಅಳತೆಯಲ್ಲಿ ತಟ್ಟುವುದಿಲ್ಲ. ಚನ್ನಪಟ್ಟಣದ ಆಟಿಕೆ ವ್ಯಾಪಾರಿ ಫೋನಿನಲ್ಲೇ ಉಚಿತ ಮೇಲ್ ಖಾತೆ ಬಳಸಿದರೆ ಸರ್ವರ್ ಬೇರೆಯವರದು, ಅದನ್ನು ಹೊಸದಾಗಿಡುವ ಹೊಣೆಯೂ ಅವರದೇ. ದೊಡ್ಡ ಕಂಪನಿಯಲ್ಲಿ ಅದಕ್ಕೆಂದೇ ಐಟಿ ವಿಭಾಗವಿರುತ್ತದೆ. ಪೆಟ್ಟು ಬೀಳುವುದು ನಡುವಿನವರಿಗೆ, ಅಂದರೆ ಸ್ವಂತ ಡೊಮೈನ್, ಮೂಲೆಯ ಕೋಣೆಯಲ್ಲೊಂದು ಸರ್ವರ್, ವಾರ್ಷಿಕ ನಿರ್ವಹಣಾ ಕರಾರಿನ (ಎಎಂಸಿ) ಮೇಲೆ ಆಗೊಮ್ಮೆ ಈಗೊಮ್ಮೆ ಬಂದುಹೋಗುವ ತಂತ್ರಜ್ಞ ಇರುವ ಮಧ್ಯಮ ಘಟಕಕ್ಕೆ. ಅಲ್ಲಿ ಯಂತ್ರ ಕೊಂಡುಕೊಳ್ಳುವ ಲೆಕ್ಕಾಚಾರವೇ ಮೇಲ್ ಸರ್ವರಿಗೂ ಅನ್ವಯವಾಗುತ್ತದೆ. ಪ್ರೆಸ್ ಯಂತ್ರವೊಂದನ್ನು ಎಣ್ಣೆ ಹಾಕಿ ನೋಡಿಕೊಂಡರೆ ಇಪ್ಪತ್ತು ಇಪ್ಪತ್ತೈದು ವರ್ಷ ದುಡಿಯುತ್ತದೆ. ಮೇಲ್ ಸರ್ವರಿನ ಆಯುಷ್ಯವನ್ನು ಅದರ ತಯಾರಕರೇ ಮೊದಲೇ ಬರೆದಿಟ್ಟಿರುತ್ತಾರೆ. ಎಕ್ಸ್‌ಚೇಂಜ್ 2003ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೆ, ಎಕ್ಸ್‌ಚೇಂಜ್ 2007ಕ್ಕೆ 2017ರ ಏಪ್ರಿಲ್ 11ಕ್ಕೆ, ಎಕ್ಸ್‌ಚೇಂಜ್ 2010ಕ್ಕೆ 2020ರ ಅಕ್ಟೋಬರ್ 13ಕ್ಕೆ ಮುಗಿಯಿತು. 2016 ಮತ್ತು 2019ರ ಆವೃತ್ತಿಗಳಿಗೆ 2025ರ ಅಕ್ಟೋಬರ್ 14 ಕೊನೆಯ ದಿನವಾಯಿತು. ಕ್ಲೈಂಟಾದರೋ ತಿಂಗಳಿಗೊಮ್ಮೆ ತಾನಾಗಿಯೇ ಅಪ್‌ಡೇಟ್ ಆಗುತ್ತಿರುತ್ತದೆ. ಹೀಗೆ ಪ್ರತಿ ತಿಂಗಳೂ ಬದಲಾಗುವುದನ್ನು ಹತ್ತು ವರ್ಷ ಬದಲಾಗದ ಒಂದಕ್ಕೆ ಜೋಡಿಸಿಟ್ಟಿರುವುದೇ ಸಮಸ್ಯೆಯ ಬೇರು. ಇಬ್ಬರಲ್ಲಿ ಯಾರೊಬ್ಬರ ಕೈತಪ್ಪಿನಿಂದಲೂ ಆದದ್ದಲ್ಲ ಇದು.

ಮಾತುಕತೆಯ ಕ್ರಮ

ಇಂದಿಗೂ ಮೇಲ್ ಸಾಗಿಸುತ್ತಿರುವ ಎಸ್‌ಎಂಟಿಪಿ ನಿಯಮಾವಳಿಯನ್ನು ಜಾನ್ ಪೋಸ್ಟೆಲ್ ಬರೆದದ್ದು 1982ರಲ್ಲಿ. ಆಗ ಅಂತರ್ಜಾಲ ಬಳಸುತ್ತಿದ್ದವರು ವಿಶ್ವವಿದ್ಯಾಲಯ, ಸಂಶೋಧನಾಲಯಗಳ ಪರಸ್ಪರ ಪರಿಚಿತರು. ಗುಪ್ತಪದ, ಗೂಢಲಿಪಿ ಯಾವುದಕ್ಕೂ ಆ ನಿಯಮಾವಳಿಯಲ್ಲಿ ಜಾಗವಿರಲಿಲ್ಲ. ಭಾರತದಲ್ಲಿ ಜನಸಾಮಾನ್ಯರಿಗೆ ಅಂತರ್ಜಾಲ ದೊರೆತ 1995ರ ಆಗಸ್ಟ್ 15ರ ಹೊತ್ತಿಗೆ ಅದರ ಮೇಲೆ ಮೊದಲ ತೇಪೆ ಬಿದ್ದಾಗಿತ್ತು. 1993ರಲ್ಲಿ ಬಂದ ವಿಸ್ತೃತ ಎಸ್‌ಎಂಟಿಪಿಯ ಕ್ರಮ ಹೀಗಿದೆ: ಸಂಪರ್ಕ ಸಿಕ್ಕೊಡನೆ ಸರ್ವರ್ 220 ಎಂಬ ಸಂಖ್ಯೆಯೊಂದಿಗೆ ತನ್ನ ಹೆಸರು ಹೇಳುತ್ತದೆ. ಕ್ಲೈಂಟ್ ‘ಇಹಲೋ’ ಎಂದು ತನ್ನ ಹೆಸರು ಹೇಳಿಕೊಳ್ಳುತ್ತದೆ. ಸರ್ವರ್ 250 ಎಂಬ ಸಂಖ್ಯೆಯೊಂದಿಗೆ ಸಾಲುಸಾಲಾಗಿ ತನಗೆ ಬರುವ ವಿದ್ಯೆಗಳ ಪಟ್ಟಿ ಕೊಡುತ್ತದೆ: ಇಷ್ಟು ಗಾತ್ರದ ಮೇಲ್ ತಾಳಬಲ್ಲೆ, ಎಂಟು ಬಿಟ್‌ನ ಅಕ್ಷರ ಸ್ವೀಕರಿಸಬಲ್ಲೆ, ಗೂಢಲಿಪಿ ಶುರುಮಾಡಬಲ್ಲೆ. 1993ಕ್ಕಿಂತ ಹಳೆಯ ಸರ್ವರ್ ‘ಇಹಲೋ’ ಎಂಬ ಆದೇಶವನ್ನೇ ಅರಿಯದು. ಅದು 500 ಎಂದು ಉತ್ತರಿಸಿದರೆ ಕ್ಲೈಂಟ್ ಹಿಂದೆ ಸರಿದು ಹಳೆಯ ‘ಹಲೋ’ ಹೇಳಿ ಕೆಲಸ ಮುಗಿಸಿಕೊಳ್ಳುತ್ತದೆ.

ಇಲ್ಲಿ ಹೊಸಬ ತಗ್ಗಿ ಹಳಬನಿಗೆ ದಾರಿ ಕೊಟ್ಟಿದ್ದಾನೆ. ಪೋಸ್ಟೆಲ್ ಅವರದೇ ಹೆಸರಿನಲ್ಲಿ ಪ್ರಸಿದ್ಧವಾದ ತತ್ವವೂ ಇದನ್ನೇ ಹೇಳುತ್ತದೆ: ಕಳಿಸುವಾಗ ನಿಯಮಕ್ಕೆ ಬದ್ಧನಾಗಿರು, ಸ್ವೀಕರಿಸುವಾಗ ಧಾರಾಳಿಯಾಗಿರು. ಅಂತರ್ಜಾಲ ಇಷ್ಟು ಬೇಗ ಹಬ್ಬಿದ್ದರಲ್ಲಿ ಈ ಧಾರಾಳತನದ ಪಾಲು ದೊಡ್ಡದು. ಹೊಸ ಕ್ಲೈಂಟ್ ಹಳೆಯ ಸರ್ವರಿಗೆ ತಗ್ಗಬೇಕು ಎಂದು ವಾದಿಸುವವರ ಬಳಿ ಇರುವ ಬಲವಾದ ಆಧಾರವೂ ಇದೇ. ಆದರೆ ಈ ತತ್ವ ಎದುರಿಗಿರುವವನು ಸಾಚಾ ಎಂದು ನಂಬಿಕೊಂಡು ನಡೆಯುತ್ತದೆ. ನಡುದಾರಿಯಲ್ಲಿ ಮೂರನೆಯವನೊಬ್ಬ ನಿಂತಾಗ ಅದೇ ತಗ್ಗುವಿಕೆ ಅವನ ಕೈಗೆ ಬೀಗದ ಕೈಯಾಗುತ್ತದೆ. 1999ರ ಜನವರಿಯಲ್ಲಿ ಪ್ರಕಟವಾದ ‘ಸ್ಟಾರ್ಟ್‌ಟಿಎಲ್‌ಎಸ್’ ವಿಧಾನವನ್ನೇ ನೋಡಬಹುದು. ಇದರಲ್ಲಿ ಮಾತು ಬಯಲಿನಲ್ಲೇ ಶುರುವಾಗಿ, ಸರ್ವರಿನ ಪಟ್ಟಿಯಲ್ಲಿ ಆ ಸಾಲು ಕಂಡ ಮೇಲೆ ಗೂಢಲಿಪಿಗೆ ಹೊರಳುತ್ತದೆ. ನಡುವೆ ಕುಳಿತವನು ಪಟ್ಟಿಯಿಂದ ಆ ಒಂದು ಸಾಲನ್ನು ಅಳಿಸಿದರೆ ಸಾಕು. ಸರ್ವರ್ ಹಳೆಯದಿರಬೇಕು ಎಂದುಕೊಂಡ ಧಾರಾಳಿ ಕ್ಲೈಂಟ್ ಪಾಸ್‌ವರ್ಡನ್ನು ಬಯಲಲ್ಲೇ ಒಪ್ಪಿಸಿಬಿಡುತ್ತದೆ. ನಿಜವಾಗಿ ಹಳೆಯ ಸರ್ವರ್ ಯಾವುದು, ಹಳೆಯದರ ವೇಷ ಹಾಕಿದ ವಂಚನೆ ಯಾವುದು ಎಂದು ಬೇರ್ಪಡಿಸುವ ದಾರಿ ಕ್ಲೈಂಟಿಗೆ ಇಲ್ಲ. ಇಂದಿನ ಕ್ಲೈಂಟ್ ಹಳೆಯದನ್ನು ಕಂಡಾಗ ತಗ್ಗದೆ ಬಾಗಿಲು ಹಾಕಿಕೊಳ್ಳುವುದಕ್ಕೆ ಇದೇ ಕಾರಣ.

ಸರ್ವರಿನ ಬಾಗಿಲುಗಳಂಥ ಪೋರ್ಟ್‌ಗಳ ಸಂಖ್ಯೆಯ ಗೊಂದಲವೂ ಇದೇ ಇತಿಹಾಸದ ಕೂಸು. ಮೊದಲಿನಿಂದ ಎಲ್ಲಕ್ಕೂ ಪೋರ್ಟ್ 25 ಒಂದೇ ಇತ್ತು. ಮೊದಲ ಮಾತಿನಿಂದಲೇ ಗೂಢಲಿಪಿ ಬಳಸಲು 465 ಎಂಬ ಪೋರ್ಟನ್ನು ಗೊತ್ತುಮಾಡಿ, ಸ್ಟಾರ್ಟ್‌ಟಿಎಲ್‌ಎಸ್ ಬರುವ ಹೊತ್ತಿಗೆ ಹಿಂತೆಗೆದುಕೊಂಡರು. 1998ರ ಕೊನೆಯಲ್ಲಿ ಬಳಕೆದಾರರ ಮೇಲ್‌ಗೆಂದು 587 ಬಂತು. 2018ರ ಜನವರಿಯಲ್ಲಿ 465ಕ್ಕೆ ಮತ್ತೆ ಮಾನ್ಯತೆ ಕೊಟ್ಟು ಅದನ್ನೇ ಶಿಫಾರಸು ಮಾಡಿದರು. ಸ್ಪ್ಯಾಮ್ ತಡೆಯಲು ಅನೇಕ ಅಂತರ್ಜಾಲ ಕಂಪನಿಗಳು ಗ್ರಾಹಕರ ಕಡೆಯಿಂದ ಹೊರಹೋಗುವ ಪೋರ್ಟ್ 25ನ್ನು ಮುಚ್ಚಿವೆ. 25 ಒಂದನ್ನೇ ತೆರೆದಿಟ್ಟ ಹಳೆಯ ಸರ್ವರಿಗೆ ಕಾರ್ಖಾನೆಯೊಳಗಿಂದ ಮೇಲ್ ಹೋಗುತ್ತದೆ, ಸೇಲ್ಸ್‌ನವರ ಮನೆಯಿಂದ ಹೋಗುವುದಿಲ್ಲ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇಷ್ಟೇ.

ಗೂಢಲಿಪಿ ಮತ್ತು ಸರ್ಟಿಫಿಕೇಟ್

ಇಂದಿನ ತಕರಾರುಗಳಲ್ಲಿ ಹೆಚ್ಚಿನವು ಟಿಎಲ್‌ಎಸ್ ಎಂಬ ಗೂಢಲಿಪಿ ಪದರಕ್ಕೆ ಸಂಬಂಧಿಸಿದವು. ಅದರ 1.0 ಆವೃತ್ತಿ ಬಂದದ್ದು 1999ರಲ್ಲಿ, ಅಂದರೆ ಬಿಡದಿಯಲ್ಲಿ ಮೊದಲ ಕ್ವಾಲಿಸ್ ತಯಾರಾದ ವರ್ಷದಲ್ಲೇ. 1.1 2006ರಲ್ಲಿ, 1.2 2008ರಲ್ಲಿ, 1.3 2018ರಲ್ಲಿ ಬಂದವು. ಕ್ವಾಲಿಸ್ ತಯಾರಿಕೆ ನಿಂತು ವರ್ಷಗಳಾದರೂ ಅದೇ ಕಾಲದ ಟಿಎಲ್‌ಎಸ್ ಹಳೆಯ ಸರ್ವರುಗಳಲ್ಲಿ ಜೀವಂತವಾಗಿತ್ತು. ಕ್ಲೈಂಟುಗಳು ಅದನ್ನು ಬಿಡತೊಡಗಿದ್ದು ಅನುಭವದಿಂದ. 2014ರ ಅಕ್ಟೋಬರಿನಲ್ಲಿ ಬಹಿರಂಗವಾದ ‘ಪೂಡಲ್’ ದಾಳಿ ಇದಕ್ಕೆ ಒಳ್ಳೆಯ ಸಾಕ್ಷಿ. ಹೊಸ ಆವೃತ್ತಿಯಲ್ಲಿ ಸಂಪರ್ಕ ಸಿಗದಿದ್ದರೆ ಕ್ಲೈಂಟ್ ಒಂದೊಂದೇ ಮೆಟ್ಟಿಲು ಕೆಳಗಿಳಿದು ಪ್ರಯತ್ನಿಸುವ ಅಭ್ಯಾಸವನ್ನೇ ಆ ದಾಳಿ ಬಳಸಿಕೊಂಡಿತು. ಸಂಪರ್ಕವನ್ನು ಬೇಕೆಂದೇ ಕೆಡಿಸಿ, 1996ರ ಎಸ್‌ಎಸ್‌ಎಲ್ 3.0 ತನಕ ಇಳಿಸಿ, ಅಲ್ಲಿ ಗೂಢಲಿಪಿಯನ್ನು ಒಡೆಯಿತು. ಹಳೆಯ ಸರ್ವರ್‌ಗಳ ಮೇಲಿನ ಕರುಣೆಗಾಗಿ ಇಟ್ಟಿದ್ದ ಮೆಟ್ಟಿಲು ಹೊಸ ಸರ್ವರುಗಳ ಬಳಕೆದಾರರನ್ನೂ ಬಲಿ ಕೊಡುವಂತಾಗಿತ್ತು. 2020ರ ಜುಲೈಯಲ್ಲಿ ಬಂದ ಥಂಡರ್‌ಬರ್ಡ್ 78, ಟಿಎಲ್‌ಎಸ್ 1.0 ಮತ್ತು 1.1ನ್ನು ಬಳಸದಂತೆ ಮೂಲದಲ್ಲೇ ಹೊಂದಿಸಿತು. 2021ರ ಮಾರ್ಚ್‌ನಲ್ಲಿ ಅಂತರ್ಜಾಲದ ಮಾನಕ ಸಂಸ್ಥೆ ಇವೆರಡನ್ನೂ ಅಧಿಕೃತವಾಗಿ ತ್ಯಜಿಸಿತು.

ಇಲ್ಲಿ ಸುಲಭ ಉಪಾಯದ ನಿಜರೂಪ ಕಾಣುತ್ತದೆ. ಥಂಡರ್‌ಬರ್ಡ್‌ನ ಒಳಸೆಟ್ಟಿಂಗ್‌ಗಳಲ್ಲಿ ಕನಿಷ್ಠ ಟಿಎಲ್‌ಎಸ್ ಆವೃತ್ತಿಗೆಂದು ಒಂದು ಅಂಕಿ ಇದೆ. ಅಲ್ಲಿ 3 ಎಂದಿದ್ದರೆ 1.2ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಅದನ್ನು 1 ಎಂದು ತಿದ್ದಿದರೆ 1.0ಗೂ ಒಪ್ಪುತ್ತದೆ. ಒಂದೇ ಅಂಕಿ, ಅರ್ಧ ನಿಮಿಷದ ಕೆಲಸ, ಮೇಲ್ ಓಡುತ್ತದೆ. ಆದರೆ ಈ ಸೆಟ್ಟಿಂಗ್ ಒಂದು ಖಾತೆಗೆ ಸೀಮಿತವಲ್ಲ, ಇಡೀ ತಂತ್ರಾಂಶಕ್ಕೆ ಅನ್ವಯಿಸುತ್ತದೆ. ಕಾರ್ಖಾನೆಯ ಹಳೆಯ ಸರ್ವರಿಗಾಗಿ ಇಳಿಸಿದ ತಡೆ, ಅದೇ ಕಂಪ್ಯೂಟರಿನಲ್ಲಿರುವ ಬೇರೆಲ್ಲ ಖಾತೆಗಳಿಗೂ ಇಳಿದಿರುತ್ತದೆ. ನಲವತ್ತು ಕಂಪ್ಯೂಟರ್ ಇರುವ ಘಟಕದಲ್ಲಿ ಒಂದು ಸರ್ವರಿನ ದೌರ್ಬಲ್ಯ ನಲವತ್ತು ಕಡೆ ನಕಲಾದಂತೆ. ಮುಂದೊಂದು ದಿನ ಸರ್ವರ್ ಬದಲಾದರೂ ಆ ಅಂಕಿಯನ್ನು ಮತ್ತೆ 3ಕ್ಕೆ ಏರಿಸಬೇಕೆಂಬ ನೆನಪು ಯಾರಿಗೂ ಇರುವುದಿಲ್ಲ, ಏಕೆಂದರೆ ಮೇಲ್ ಓಡುತ್ತಿದ್ದರೆ ಯಾರೂ ಅತ್ತ ನೋಡುವುದಿಲ್ಲ.

ಹಳೆಯ ಸರ್ವರುಗಳನ್ನೆಲ್ಲ ಒಂದೇ ಗುಂಪಿಗೆ ಸೇರಿಸುವುದೂ ಸರಿಯಲ್ಲ. ಅವುಗಳಲ್ಲಿ ಕಲಿಸಿದರೆ ಕಲಿಯುವವು, ಕಲಿಯಲಾರದವು ಎಂದು ಎರಡು ಬಗೆ. ವಿಂಡೋಸ್ ಸರ್ವರ್ 2003ರ ಗೂಢಲಿಪಿ ವಿಭಾಗ ಟಿಎಲ್‌ಎಸ್ 1.0 ದಾಟಿ ಹೋಗಲಾರದು. ಅದರ ಮೇಲೆ ಕುಳಿತ ಎಕ್ಸ್‌ಚೇಂಜ್ 2003 ಎಷ್ಟು ಚೆನ್ನಾಗಿ ನಡೆಯುತ್ತಿದ್ದರೂ ಇಂದಿನ ಕ್ಲೈಂಟಿನ ಕನಿಷ್ಠ ಮಟ್ಟ ಮುಟ್ಟುವುದಿಲ್ಲ. ವಿಂಡೋಸ್ ಸರ್ವರ್ 2008 ಆರ್2ನಲ್ಲಿ 1.2 ಇದೆ, ಆದರೆ ಮೂಲದಲ್ಲಿ ಅದನ್ನು ಆನ್ ಮಾಡಿರುವುದಿಲ್ಲ. ಅಪ್‌ಡೇಟ್ ಹಾಕಿ, ಆನ್ ಮಾಡಿ, ಮರುಚಾಲನೆ ಕೊಟ್ಟರೆ ಜಗಳ ಎಷ್ಟೋ ಮಟ್ಟಿಗೆ ತೀರುತ್ತದೆ. ಕಲಿಸಿದರೆ ಕಲಿಯುವ ಇಂಥ ಸರ್ವರ್ ಇಟ್ಟುಕೊಂಡು ಎಲ್ಲರ ಕ್ಲೈಂಟನ್ನೂ ಕೆಳಗಿಳಿಸುವುದು ಶುದ್ಧ ಅಜಾಗರೂಕತೆ.

ಸರ್ವರ್ ತನ್ನ ಗುರುತಿಗೆಂದು ತೋರಿಸುವ ಸರ್ಟಿಫಿಕೇಟಿನದು ಇನ್ನೊಂದು ಕತೆ. ಸರ್ವರ್ ತಾನೇ ಸಹಿ ಮಾಡಿಕೊಂಡ ಹತ್ತು ವರ್ಷದ ಸರ್ಟಿಫಿಕೇಟಿಗೆ ಹಿಂದೆ ‘ಆದರೂ ಮುಂದುವರಿ’ ಎಂದು ಒತ್ತಿದರೆ ಸಾಕಾಗುತ್ತಿತ್ತು. 2019ರ ಐಒಎಸ್ 13ರಿಂದ ಐಫೋನ್ 2048 ಬಿಟ್‌ಗಿಂತ ಚಿಕ್ಕ ಆರ್‌ಎಸ್‌ಎ ಕೀಲಿಯನ್ನೂ ಎಸ್‌ಎಚ್‌ಎ-1 ಸಹಿಯನ್ನೂ ನಂಬುವುದಿಲ್ಲ. 2019ರ ಜುಲೈ 1ರ ನಂತರ ಕೊಟ್ಟ ಸರ್ಟಿಫಿಕೇಟಾದರೆ ಅದರ ಅವಧಿ 825 ದಿನ ಮೀರುವಂತಿಲ್ಲ. ಹೀಗಾಗಿ ಕಚೇರಿಯ ಹಳೆಯ ಕಂಪ್ಯೂಟರಿನಲ್ಲಿ ಬರುವ ಮೇಲ್ ಮ್ಯಾನೇಜರರ ಹೊಸ ಫೋನಿನಲ್ಲಿ ಬರುವುದಿಲ್ಲ. ಎಲ್ಲ ದೂರಿಗೂ ಸರ್ವರೇ ಕಾರಣ ಎಂದೂ ಅಲ್ಲ. ಕಂಪ್ಯೂಟರಿನ ಮದರ್‌ಬೋರ್ಡಿನ ಚಿಕ್ಕ ಬ್ಯಾಟರಿ ಸತ್ತು, ಕರೆಂಟು ಹೋಗಿ ಬಂದಾಗ ಗಡಿಯಾರ ಹಲವು ವರ್ಷ ಹಿಂದಕ್ಕೆ ಓಡಿದ್ದರೆ, ಸರಿಯಾದ ಸರ್ಟಿಫಿಕೇಟೂ ಇನ್ನೂ ಚಾಲ್ತಿಗೆ ಬಂದಿಲ್ಲ ಎಂದೇ ಕಾಣುತ್ತದೆ. ಒಂದೇ ಕಂಪ್ಯೂಟರಿನಲ್ಲಿ ಮಾತ್ರ ತೊಂದರೆಯಿದ್ದರೆ ಮೊದಲು ನೋಡಬೇಕಾದದ್ದು ಪರದೆಯ ಮೂಲೆಯ ತಾರೀಖು.

ಗುರುತು, ಫೋಲ್ಡರು, ಅಕ್ಷರ

ಗೂಢಲಿಪಿಯ ನಂತರದ ತಡೆ ಪಾಸ್‌ವರ್ಡ್. ಹಳೆಯ ಪದ್ಧತಿಯಲ್ಲಿ ಕ್ಲೈಂಟ್ ಪ್ರತಿ ಸಲವೂ ಬಳಕೆದಾರನ ಹೆಸರು, ಪಾಸ್‌ವರ್ಡ್ ಒಪ್ಪಿಸುತ್ತದೆ. ಓಆತ್ ಎಂಬ ಹೊಸ ಪದ್ಧತಿಯಲ್ಲಿ ಪಾಸ್‌ವರ್ಡನ್ನು ಬ್ರೌಸರಿನಂಥ ಕಿಟಕಿಯಲ್ಲಿ ಒಮ್ಮೆ ಕೊಟ್ಟು, ಅವಧಿಯುಳ್ಳ ಟೋಕನ್ ಪಡೆದು ಅದನ್ನೇ ಬಳಸುತ್ತಾರೆ. ವೈಯಕ್ತಿಕ ಖಾತೆಗಳಿಗೆ ಬರಿಯ ಪಾಸ್‌ವರ್ಡಿನಿಂದ ಪ್ರವೇಶಿಸುವ ಹಳೆಯ ತಂತ್ರಾಂಶಗಳನ್ನು ಗೂಗಲ್ 2022ರ ಮೇ 30ರಿಂದ ನಿಲ್ಲಿಸಿತು. ಮೈಕ್ರೋಸಾಫ್ಟ್ ತನ್ನ ಕ್ಲೌಡ್ ಮೇಲ್‌ನಲ್ಲಿ 2022ರ ಅಕ್ಟೋಬರ್ 1ರಿಂದ ಹಂತಹಂತವಾಗಿ ಇದನ್ನೇ ಮಾಡಿತು. ಇಲ್ಲಿ ಸಮಸ್ಯೆ ತಿರುವುಮುರುವಾಗಿದೆ: ಸರ್ವರ್ ಹೊಸದು, ಕ್ಲೈಂಟ್ ಹಳೆಯದು. ಸ್ಟೋರ್ಸ್ ವಿಭಾಗದಲ್ಲಿ ಚಲನ್ ಸ್ಕ್ಯಾನ್ ಮಾಡಿ ನೇರ ಮೇಲ್ ಮಾಡುವ ಪ್ರಿಂಟರ್ ಕೂಡ ಒಂದು ಮೇಲ್ ಕ್ಲೈಂಟೇ. ಅದಕ್ಕೆ ಬ್ರೌಸರ್ ಕಿಟಕಿಯೂ ಇಲ್ಲ, ಟೋಕನ್ ವಿಚಾರವೂ ಗೊತ್ತಿಲ್ಲ. ಇಂಥ ಉಪಕರಣಗಳಿಗಾಗಿಯೇ ಮೈಕ್ರೋಸಾಫ್ಟ್ ಮೇಲ್ ಕಳಿಸುವ ದಾರಿಯನ್ನು ಆಗ ಪೂರ್ತಿ ಮುಚ್ಚಲಿಲ್ಲ. ಗೂಗಲ್ ಹದಿನಾರು ಅಕ್ಷರದ ಆ್ಯಪ್ ಪಾಸ್‌ವರ್ಡ್ ಎಂಬ ಕಿಂಡಿ ಉಳಿಸಿತು. ಈ ಎರಡೂ ವಿನಾಯಿತಿಗಳನ್ನು ಕೊಟ್ಟದ್ದು ಸರ್ವರ್ ಕಡೆಯವರು, ಕೊಟ್ಟದ್ದೂ ಗೊತ್ತಿದ್ದು, ಎಲ್ಲಿ ಎಷ್ಟು ಎಂದು ಅಳೆದು. ವಿನಾಯಿತಿ ಬೇಕಾದಾಗಲೂ ಅದರ ಲೆಕ್ಕ ಒಂದೇ ಕಡೆ ಇರಬೇಕು ಎಂಬ ವಾದಕ್ಕೆ ಇದು ಪುಷ್ಟಿ ಕೊಡುತ್ತದೆ.

ಎಲ್ಲ ಅಸಾಮರಸ್ಯವೂ ಭದ್ರತೆಯದ್ದಲ್ಲ. ಸರ್ವರಿನಲ್ಲಿಟ್ಟ ಮೇಲ್ ಓದಲು ಬಳಸುವ ಐಮ್ಯಾಪ್ ಪದ್ಧತಿಯಲ್ಲಿ, ಕಳಿಸಿದ ಮೇಲ್‌ಗಳ ಫೋಲ್ಡರ್ ಯಾವುದೆಂದು ಸರ್ವರೇ ತಿಳಿಸುವ ಏರ್ಪಾಡು ಬಂದದ್ದು 2011ರಲ್ಲಿ. ಅದಕ್ಕಿಂತ ಹಳೆಯ ಸರ್ವರ್ ಏನೂ ಹೇಳದಿರುವುದರಿಂದ ಒಂದು ಕ್ಲೈಂಟ್ ‘ಸೆಂಟ್’ ಎಂದೂ ಇನ್ನೊಂದು ‘ಸೆಂಟ್ ಐಟಮ್ಸ್’ ಎಂದೂ ತನ್ನದೇ ಫೋಲ್ಡರ್ ಮಾಡಿಕೊಳ್ಳುತ್ತದೆ. ಫೋನಿನಿಂದ ಕಳಿಸಿದ ಕೊಟೇಶನ್ ಕಂಪ್ಯೂಟರಿನಲ್ಲಿ ಹುಡುಕಿದರೆ ಸಿಗದು; ಕಳೆದಿಲ್ಲ, ಪಕ್ಕದ ಫೋಲ್ಡರಿನಲ್ಲಿದೆ. ಔಟ್‌ಲುಕ್ ತನ್ನ ವಿಶೇಷ ರೂಪದಲ್ಲಿ ಕಳಿಸಿದ ಮೇಲ್ ಬೇರೆ ಕ್ಲೈಂಟಿಗೆ ‘ವಿನ್‌ಮೇಲ್ ಡಾಟ್ ಡ್ಯಾಟ್’ ಎಂಬ ತೆರೆಯಲಾಗದ ಕಡತವಾಗಿ ಬಂದು, ಡ್ರಾಯಿಂಗ್ ಅದರೊಳಗೇ ಉಳಿದುಬಿಡುವುದುಂಟು.

ಅಕ್ಷರದ ತೊಡಕು ಬಿಡದಿಯಂಥ ಕಡೆ ಎದ್ದು ಕಾಣುವಂಥದು, ಏಕೆಂದರೆ ಜಪಾನಿ, ಕನ್ನಡ, ಇಂಗ್ಲಿಷ್ ಮೂರೂ ಒಂದೇ ಮೇಲ್ ಜಾಲದಲ್ಲಿ ಓಡಾಡಬಹುದಾದ ಜಾಗ ಇದು. ಮೂಲ ಎಸ್‌ಎಂಟಿಪಿ ಏಳು ಬಿಟ್‌ನ 128 ಸಂಕೇತಗಳನ್ನಷ್ಟೇ ಬಲ್ಲದು. ಜಪಾನಿನವರು ಅದರೊಳಗೇ ತಮ್ಮ ಲಿಪಿಯನ್ನು ಹಿಡಿಸಲು ಐಎಸ್‌ಒ-2022-ಜೆಪಿ ಎಂಬ ಏಳು ಬಿಟ್ ವಿಧಾನ ಮಾಡಿಕೊಂಡರು; ಅದು ವರ್ಷಗಟ್ಟಲೆ ಜಪಾನಿ ಮೇಲ್‌ನ ರೂಢಿಯಾಗಿತ್ತು. ಇಂದಿನ ಕ್ಲೈಂಟುಗಳು ಯುಟಿಎಫ್-8ರಲ್ಲಿ ಬರೆಯುತ್ತವೆ. ಅದರಲ್ಲಿ ‘ಕ’ ಎಂಬ ಒಂದು ಅಕ್ಷರಕ್ಕೆ ಮೂರು ಬೈಟ್ ಬೇಕು. ಏಳು ಬಿಟ್‌ನ ದಾರಿಯಲ್ಲಿ ಅದನ್ನು ಸಾಗಿಸಲು ‘ಕೋಟೆಡ್ ಪ್ರಿಂಟಬಲ್’ ವಿಧಾನ ಬಳಸಿದರೆ ಪ್ರತಿ ಬೈಟೂ ಮೂರು ಚಿಹ್ನೆಯಾಗಿ ಒಟ್ಟು ಒಂಬತ್ತು ಚಿಹ್ನೆಯಾಗುತ್ತದೆ. ನಡುವಿನ ಯಾವುದೋ ಹಳೆಯ ಸರ್ವರ್ ಈ ಕಟ್ಟನ್ನು ತಪ್ಪಾಗಿ ಬಿಚ್ಚಿದರೆ ಒಂದು ಸಾಲಿನ ಕನ್ನಡ ಪತ್ರ ಸಮಚಿಹ್ನೆ, ಅಂಕಿಗಳ ರಾಶಿಯಾಗಿ ತಲುಪುತ್ತದೆ. ಕನ್ನಡಕ್ಕೆ ಇನ್ನೊಂದು ಪರಂಪರೆಯ ಹೊರೆಯೂ ಇದೆ. ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಬರೆದ ಪತ್ರ ಆ ಫಾಂಟ್ ಇಲ್ಲದ ಫೋನಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಅಲ್ಲಿ ಸರ್ವರಿನ ತಪ್ಪೂ ಇಲ್ಲ, ಕ್ಲೈಂಟಿನ ತಪ್ಪೂ ಇಲ್ಲ. ಬರೆದಾಗಲೇ ಅದು ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವಾಗಿರಲಿಲ್ಲ. ಅಂಥ ಪತ್ರವನ್ನು ಯೂನಿಕೋಡಿಗೆ ಪರಿವರ್ತಿಸುವುದು ಬಿಟ್ಟು ಬೇರೆ ಸೆಟ್ಟಿಂಗ್ ಹುಡುಕಿ ಪ್ರಯೋಜನವಿಲ್ಲ.

ಆಕ್ಷೇಪಗಳು

ಮೊದಲ ಆಕ್ಷೇಪ ವ್ಯಾಪಾರದ್ದು. ಹಳೆಯದನ್ನು ಮೂಲೆಗೆ ತಳ್ಳಿ ಹೊಸದನ್ನು ಮಾರಲೆಂದೇ ತಯಾರಕರು ಹೊಂದಾಣಿಕೆ ತಪ್ಪಿಸುತ್ತಾರೆ ಎಂಬ ಮಾತಿನಲ್ಲಿ ಸತ್ಯಾಂಶವಿದೆ. ಔಟ್‌ಲುಕ್ 2013 ಎಕ್ಸ್‌ಚೇಂಜ್ 2003ಕ್ಕೂ, ಔಟ್‌ಲುಕ್ 2016 ಎಕ್ಸ್‌ಚೇಂಜ್ 2007ಕ್ಕೂ ಕೂಡುವುದಿಲ್ಲ. ಎರಡನ್ನೂ ತಯಾರಿಸಿದ್ದು ಒಂದೇ ಕಂಪನಿ. ಎಲ್ಲಿಯವರೆಗೆ ಜೋಡಿಸಬೇಕೆಂಬ ತೀರ್ಮಾನವೂ ಅದರದೇ. ಆದರೆ ಟಿಎಲ್‌ಎಸ್ 1.0ನ್ನು ಬಿಟ್ಟವರಲ್ಲಿ ಸರ್ವರ್ ಮಾರಾಟದಿಂದ ಲಾಭವೇ ಇಲ್ಲದ ಥಂಡರ್‌ಬರ್ಡ್‌ನಂಥ ಉಚಿತ ತಂತ್ರಾಂಶವೂ ಇದೆ. ಆದ್ದರಿಂದ ಆಕ್ಷೇಪವನ್ನು ಎರಡಾಗಿ ಸೀಳಬೇಕು: ಒಂದು ಕಂಪನಿಯ ಒಳನಿಯಮಕ್ಕೆ ಕಟ್ಟುಬಿದ್ದ ಸರ್ವರ್ ವಿಷಯದಲ್ಲಿ ದೂರು ನ್ಯಾಯವಾದದ್ದು, ಎಲ್ಲರಿಗೂ ತೆರೆದ ಮಾನಕದ ವಿಷಯದಲ್ಲಿ ಅಲ್ಲ. ದೂರು ನ್ಯಾಯವಾದ ಕಡೆಯೂ ಅದರಿಂದ ಕಲಿಯಬೇಕಾದ ಪಾಠ, ಮುಂದಿನ ಸಲ ಐಮ್ಯಾಪ್, ಎಸ್‌ಎಂಟಿಪಿಯಂಥ ತೆರೆದ ಮಾನಕಗಳನ್ನು ಚೆನ್ನಾಗಿ ಬಲ್ಲ ಸರ್ವರನ್ನೇ ಕೊಳ್ಳಬೇಕು ಎಂಬುದು.

ಎರಡನೆಯದು, ನಮ್ಮ ಸರ್ವರ್ ಕಾರ್ಖಾನೆಯ ಒಳಜಾಲದಲ್ಲಿದೆ, ಇಷ್ಟು ಸಣ್ಣ ಘಟಕವನ್ನು ಯಾರು ಕಣ್ಣಿಟ್ಟು ನೋಡುತ್ತಾರೆ ಎಂಬ ವಾದ. ಮೇಲ್ ಸರ್ವರಿನ ಕೆಲಸವೇ ಹೊರಗಿನವರೊಡನೆ ವ್ಯವಹರಿಸುವುದು. ಅದು ಪೂರ್ತಿ ಒಳಗಿನದಾಗಲು ಸಾಧ್ಯವೇ ಇಲ್ಲ. 2021ರ ಮಾರ್ಚ್‌ನಲ್ಲಿ ಎಕ್ಸ್‌ಚೇಂಜ್ 2013, 2016, 2019ರಲ್ಲಿದ್ದ ‘ಪ್ರಾಕ್ಸಿಲಾಗಾನ್’ ಲೋಪಗಳು ಬಯಲಾದಾಗ ದಾಳಿಕೋರರು ದೊಡ್ಡವರು ಸಣ್ಣವರು ಎಂದು ನೋಡದೆ, ಅಂತರ್ಜಾಲದಲ್ಲಿ ಕಂಡ ಸರ್ವರುಗಳನ್ನೆಲ್ಲ ಯಂತ್ರದಿಂದಲೇ ಜಾಲಾಡಿದರು. ಸಣ್ಣ ಘಟಕ ಎಷ್ಟು ಮುಖ್ಯ ಎಂಬುದಕ್ಕೆ ಟೊಯೋಟಾದ ತವರಿನಲ್ಲೇ ನಿದರ್ಶನವಿದೆ. ಕೊಜಿಮಾ ಇಂಡಸ್ಟ್ರೀಸ್ ಎಂಬ ಬಿಡಿಭಾಗ ಪೂರೈಕೆದಾರರ ಕಂಪ್ಯೂಟರ್ ವ್ಯವಸ್ಥೆಯ ಮೇಲೆ ದಾಳಿಯಾದ್ದರಿಂದ 2022ರ ಮಾರ್ಚ್ 1ರಂದು ಜಪಾನಿನಲ್ಲಿ ಟೊಯೋಟಾದ 14 ಕಾರ್ಖಾನೆಗಳ 28 ಲೈನುಗಳು ನಿಂತವು. ಆ ದಾಳಿ ನುಗ್ಗಿದ ದಾರಿ ಮೇಲ್ ಸರ್ವರ್ ಆಗಿರಲಿಲ್ಲ. ಆದರೂ ದಾಸ್ತಾನಿಲ್ಲದ ಪೂರೈಕೆ ಸರಪಳಿಯಲ್ಲಿ ಒಬ್ಬ ವೆಂಡರಿನ ಕಂಪ್ಯೂಟರ್ ಕೋಣೆ ಎಲ್ಲರ ವ್ಯವಹಾರ ಎಂಬುದು ಅಂದು ಸಾಬೀತಾಯಿತು. ಬಿಡದಿಯ ಘಟಕಗಳೂ ಅದೇ ಪದ್ಧತಿಯ ಸರಪಳಿಯಲ್ಲಿ ಇರುವಂಥವು. ಇದರ ಜೊತೆಗೆ, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸೈಬರ್ ಘಟನೆಗಳನ್ನು ಆರು ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಡಬೇಕು. ಸರಿಯಾಗಿ ಲಾಗ್ ಬರೆಯದ ಹಳೆಯ ಸರ್ವರ್ ಇಟ್ಟುಕೊಂಡು ಈ ನಿಯಮ ಪಾಲಿಸುವುದು ಕಷ್ಟ.

ಮೂರನೆಯದು, ಹಾಗಿದ್ದರೆ ಎಲ್ಲವನ್ನೂ ಕ್ಲೌಡ್‌ಗೆ ಸಾಗಿಸಿಬಿಡಿ ಎಂಬ ಸಲಹೆ. ಎಷ್ಟೋ ಘಟಕಗಳಿಗೆ ಇದೇ ಸರಿಯಾದ ದಾರಿ ಇರಬಹುದು. ಆದರೆ ಪ್ರಿಂಟರಿನ ಉದಾಹರಣೆ ತೋರಿಸಿದಂತೆ, ಕ್ಲೌಡ್‌ಗೆ ಹೋದ ಮಾತ್ರಕ್ಕೆ ಅಸಾಮರಸ್ಯ ಮುಗಿಯುವುದಿಲ್ಲ. ಹಳೆಯದಾಗುವ ಸರದಿ ನಮ್ಮ ಕಡೆಯ ಉಪಕರಣಗಳದಾಗುತ್ತದೆ, ಗಡುವು ಗೊತ್ತುಮಾಡುವ ಅಧಿಕಾರ ಅವರದಾಗುತ್ತದೆ. ಹಳೆಯ ಮೇಲ್ ಏನು ಮಾಡುವುದೆಂಬ ಪ್ರಶ್ನೆಯೂ ಉಳಿಯುತ್ತದೆ. 2013ರ ಕಂಪನಿ ಕಾಯಿದೆಯಂತೆ ಲೆಕ್ಕಪತ್ರಗಳನ್ನು ಎಂಟು ಹಣಕಾಸು ವರ್ಷ, ಜಿಎಸ್‌ಟಿ ಕಾಯಿದೆಯಂತೆ ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳು ಇಡಬೇಕು. ದರದ ತಕರಾರು, ಡೆಬಿಟ್ ನೋಟಿನ ಪುರಾವೆ ಎಲ್ಲ ಹಳೆಯ ಮೇಲ್‌ಗಳಲ್ಲೇ ಕೂತಿರುತ್ತದೆ. ಹಳೆಯ ಸರ್ವರಿನ ಸ್ವಿಚ್ ಆರಿಸುವ ಮೊದಲು ಅವನ್ನು ಹೊಸ ಕ್ಲೈಂಟ್ ಓದಬಲ್ಲ ರೂಪಕ್ಕೆ ತಂದಿಡಬೇಕು.

ಪರಿಹಾರದ ದಾರಿ

ನಾಲ್ಕನೆಯ ಆಕ್ಷೇಪ ದುಡ್ಡಿನದು, ಮತ್ತು ಅದೇ ಅತ್ಯಂತ ಗಂಭೀರವಾದದ್ದು. ಸರ್ವರ್ ಬದಲಿಸಲು ಈ ವರ್ಷ ಬಜೆಟ್ ಇಲ್ಲ ಎಂಬುದು ನಿಜವಿರಬಹುದು. ಆಗಲೂ ಕ್ಲೈಂಟುಗಳನ್ನು ಕೆಳಗಿಳಿಸದೆ ಮಧ್ಯದ ದಾರಿ ಹಿಡಿಯಬಹುದು. ಹಳೆಯ ಸರ್ವರಿನ ಮುಂದೆ ಲಿನಕ್ಸ್ ಹಾಕಿದ ಒಂದು ಚಿಕ್ಕ ಯಂತ್ರ ನಿಲ್ಲಿಸಿ, ಅದರಲ್ಲಿ ಎಸ್‌ಟನಲ್, ಎಚ್‌ಎಪ್ರಾಕ್ಸಿ ಅಥವಾ ಎಂಜಿನ್‌ಎಕ್ಸ್‌ನಂಥ ಉಚಿತ ತಂತ್ರಾಂಶ ಹಾಕುವುದು. ಹೊರಗಿನ ಕ್ಲೈಂಟುಗಳೊಡನೆ ಅದು ಟಿಎಲ್‌ಎಸ್ 1.2 ಅಥವಾ 1.3ರಲ್ಲಿ, ಸರಿಯಾದ ಸರ್ಟಿಫಿಕೇಟ್ ತೋರಿಸಿ ಮಾತಾಡುತ್ತದೆ. ಒಳಗೆ, ಬೇರೆ ಯಾರೂ ಹೋಗಲಾಗದ ಪ್ರತ್ಯೇಕ ಜಾಲದಲ್ಲಿ, ಹಳೆಯ ಸರ್ವರಿನೊಡನೆ ಅದರ ಭಾಷೆಯಲ್ಲೇ ವ್ಯವಹರಿಸುತ್ತದೆ. ಹೊರಗಿನಿಂದ ಬರುವ ಪೋರ್ಟ್ 25ರ ಮೇಲ್‌ಗೂ ಇದೇ ಯಂತ್ರದಲ್ಲಿ ಪೋಸ್ಟ್‌ಫಿಕ್ಸ್ ಕಾವಲಿಡಬಹುದು. ಕ್ಲೈಂಟುಗಳಲ್ಲಿ ಸರ್ವರಿನ ಹೆಸರು ಮೊದಲಿನದೇ ಇರುವಂತೆ ಡಿಎನ್‌ಎಸ್ ತಿದ್ದಿದರೆ ಮೇಜಿನಿಂದ ಮೇಜಿಗೆ ಓಡಾಡುವ ಕೆಲಸವೂ ಉಳಿಯುತ್ತದೆ. ವಿನಾಯಿತಿ ಒಂದೇ ಕಡೆ ಇರುತ್ತದೆ; ತೆಗೆಯುವಾಗಲೂ ಒಂದೇ ಕಡೆ ತೆಗೆದರೆ ಸಾಕು.

ಇದರ ಮಿತಿಗಳನ್ನೂ ಹೇಳಬೇಕು. ಹೀಗೆ ಮುಂದೆ ನಿಂತ ಯಂತ್ರ ಔಟ್‌ಲುಕ್ ಮತ್ತು ಎಕ್ಸ್‌ಚೇಂಜ್ ನಡುವಿನ ಒಳನಿಯಮದ ಜಗಳ ಬಿಡಿಸಲಾರದು. ಅಂಥ ಕಡೆ ಐಮ್ಯಾಪ್‌ಗೆ ಬದಲಾಗಿ, ಕ್ಯಾಲೆಂಡರ್, ಸಂಪರ್ಕಪಟ್ಟಿಗಳ ಸೌಲಭ್ಯ ಬಿಟ್ಟುಕೊಡಬೇಕಾಗುತ್ತದೆ. ಹಳೆಯ ಸರ್ವರಿನ ಒಳಗಿನ ಲೋಪಗಳೂ ಹಾಗೆಯೇ ಉಳಿಯುತ್ತವೆ. ಕಾಲ ಕೊಂಡುಕೊಳ್ಳುವ ಏರ್ಪಾಡು ಇದು. ತಾರೀಖು ಬರೆಯದೆ ಹಾಕಿದರೆ ಇದೂ ಇನ್ನೊಂದು ಹಳೆಯ ಯಂತ್ರವಾಗಿ ಮೂಲೆ ಸೇರುತ್ತದೆ.

ಮುಂದಿನ ಸರದಿ ದೂರವಿಲ್ಲ. ಕ್ವಾಂಟಂ ಕಂಪ್ಯೂಟರುಗಳಿಗೂ ಜಗ್ಗದ ಕೀಲಿ ವಿನಿಮಯದ ಮಾನಕವನ್ನು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2024ರ ಆಗಸ್ಟಿನಲ್ಲಿ ಪ್ರಕಟಿಸಿತು. 2025ರ ಏಪ್ರಿಲ್‌ನಲ್ಲಿ ಬಂದ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶದ 3.5 ಆವೃತ್ತಿಯಲ್ಲಿ ಅದು ಸೇರಿದೆ. ಇಂದು ಹೊಸದೆಂದು ಕೊಳ್ಳುವ, ಟಿಎಲ್‌ಎಸ್ 1.2 ಮಾತ್ರ ಬಲ್ಲ ಸರ್ವರ್ ಕೂಡ ಒಂದು ದಿನ ಎಕ್ಸ್‌ಚೇಂಜ್ 2003ರ ಜಾಗದಲ್ಲಿ ನಿಲ್ಲುತ್ತದೆ. ಆದ್ದರಿಂದ ಖರೀದಿ ಆದೇಶದಲ್ಲಿಯೇ ಮೂರು ವಿಷಯ ಬರೆಸಿಕೊಳ್ಳುವುದು ಒಳ್ಳೆಯದು: ತಯಾರಕರ ಬೆಂಬಲ ಮುಗಿಯುವ ದಿನ, ಗೂಢಲಿಪಿಯ ಭಾಗವನ್ನು ಮಾತ್ರ ಪ್ರತ್ಯೇಕವಾಗಿ ಮೇಲ್ದರ್ಜೆಗೆ ಏರಿಸಬಹುದೇ ಎಂಬ ಉತ್ತರ, ಎಲ್ಲ ಮೇಲ್‌ಗಳನ್ನೂ ತೆರೆದ ರೂಪದಲ್ಲಿ ಹೊರತೆಗೆಯುವ ವಿಧಾನ. ಎಎಂಸಿ ಕರಾರಿನಲ್ಲಿಯೂ ಸರ್ವರ್ ನಡೆಯುತ್ತಿರಬೇಕು ಎಂಬ ಷರತ್ತಿನ ಜೊತೆಗೆ, ಚಾಲ್ತಿಯಲ್ಲಿರುವ ಕ್ಲೈಂಟುಗಳ ಮೂಲ ಸೆಟ್ಟಿಂಗ್‌ಗಳನ್ನು ಬದಲಿಸದೆಯೇ ನಡೆಯುತ್ತಿರಬೇಕು ಎಂಬ ಷರತ್ತು ಸೇರಬೇಕು. ಈ ಒಂದು ವಾಕ್ಯ ಕರಾರಿನಲ್ಲಿದ್ದರೆ, ಮೇಲ್ ನಿಂತ ದಿನ ತಂತ್ರಜ್ಞ ಮೊದಲು ತೆರೆಯುವುದು ಸರ್ವರ್ ಕೋಣೆಯ ಬಾಗಿಲನ್ನು, ಗುಮಾಸ್ತರ ಕಂಪ್ಯೂಟರಿನ ಸೆಟ್ಟಿಂಗನ್ನಲ್ಲ.